ಮಗುವಿನ ಬಿಡದ ನೆಗಡಿ, ರಾತ್ರಿಯ ಕೆಮ್ಮು: ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಹಗಲಿಡೀ ಚೆನ್ನಾಗಿಯೇ ಆಡಿಕೊಂಡಿದ್ದ ಮಗು ರಾತ್ರಿ ಮಲಗಿಸಿದ ಅರ್ಧ ಗಂಟೆಗೆ ಕೆಮ್ಮತೊಡಗುತ್ತದೆ. ಮೂಗು ಗೊರಗೊರ ಎನ್ನುತ್ತದೆ. ಮೊಲೆ ಹಿಡಿದು ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಉಸಿರು ಕಟ್ಟಿ, ಬಾಯಿ ಬಿಡಿಸಿಕೊಂಡು ಅಳುತ್ತದೆ. ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಕ್ಕಿಬಿಡುತ್ತದೆ. ಬೆಳಗಾಗುವ ಹೊತ್ತಿಗೆ ತಾಯಿಗೆ ನಿದ್ದೆಯಿಲ್ಲ, ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ಮದ್ದು ಹೇಳುತ್ತಾರೆ, ಅಷ್ಟರಲ್ಲಿ ಯಾರೋ ಒಬ್ಬರು ಮೆಡಿಕಲ್ ಶಾಪಿನಿಂದ ಸಿರಪ್ ತಂದಿರುತ್ತಾರೆ.

ಹುಟ್ಟಿದಂದಿನಿಂದ ಸುಮಾರು ಎರಡು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ನೆಗಡಿಯ ಜೊತೆ ಬರುವ ರಾತ್ರಿ ಕೆಮ್ಮಿನ ಮೂಲ ಹೆಚ್ಚಾಗಿ ಎದೆಯಲ್ಲಿರುವುದಿಲ್ಲ, ಮೂಗಿನಲ್ಲಿರುತ್ತದೆ. ಮಗು ಅಂಗಾತ ಮಲಗಿದಾಗ ಮೂಗಿನ ಸಿಂಬಳ ಮುಂದಕ್ಕೆ ಹರಿಯದೆ ಗಂಟಲಿನ ಹಿಂಭಾಗಕ್ಕೆ ಇಳಿಯುತ್ತದೆ. ಅದು ಶ್ವಾಸನಾಳಕ್ಕೆ ಹೋಗದಂತೆ ಮಗು ಕೆಮ್ಮಿ ತಡೆಯುತ್ತದೆ. ಅಂದರೆ ಕೆಮ್ಮು ಮಗುವಿನ ಕಾವಲು. ಅದನ್ನು ಅಡಗಿಸುವುದಲ್ಲ, ಮೂಗನ್ನು ತೆರವು ಮಾಡುವುದು ನಮ್ಮ ಕೆಲಸ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದದ್ದು ಇನ್ನೊಂದಿದೆ.

ಮೊದಲ ಕೆಲಸ: ಉಸಿರು ಎಣಿಸುವುದು

ಇದು ಮನೆ ಮದ್ದಿನ ನೆಗಡಿಯೋ ಆಸ್ಪತ್ರೆಯ ನೆಗಡಿಯೋ ಎಂಬುದನ್ನು ಕೆಮ್ಮಿನ ಸದ್ದು ಹೇಳುವುದಿಲ್ಲ, ಉಸಿರು ಹೇಳುತ್ತದೆ. ಮಗು ನಿದ್ದೆಯಲ್ಲಿರುವಾಗ ಅಥವಾ ಶಾಂತವಾಗಿರುವಾಗ ಅಂಗಿಯನ್ನು ಎದೆಯವರೆಗೆ ಮೇಲಕ್ಕೆತ್ತಿ, ಬೆಳಕು ಬೀಳುವಂತೆ ಕುಳಿತುಕೊಳ್ಳಿ. ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಎಷ್ಟು ಬಾರಿ ಉಬ್ಬುತ್ತದೆ ಎಂದು ಎಣಿಸಿ. ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡ. ಎಳೆಯ ಮಕ್ಕಳು ನಾಲ್ಕಾರು ಉಸಿರು ಬೇಗ ಎಳೆದು, ಕೆಲವು ಸೆಕೆಂಡು ನಿಲ್ಲಿಸಿ, ಮತ್ತೆ ಎಳೆಯುವುದುಂಟು. ಪೂರ್ತಿ ಒಂದು ನಿಮಿಷ ಎಣಿಸಿದರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ಅಳುವಾಗ, ಹಾಲು ಕುಡಿಯುವಾಗ, ಜ್ವರ ಏರಿರುವಾಗ ಎಣಿಸಿದರೆ ಸಂಖ್ಯೆ ಹೆಚ್ಚಾಗಿಯೇ ಬರುತ್ತದೆ. ಮಗು ಶಾಂತವಾದ ಮೇಲೆ ಇನ್ನೊಮ್ಮೆ ಎಣಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ವೇಗದ ಉಸಿರು ನ್ಯುಮೋನಿಯಾದ ಗುರುತಾಗಿರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಆಶಾ ಕಾರ್ಯಕರ್ತೆಯರಿಗೂ ಇದೇ ಎಣಿಕೆಯ ತರಬೇತಿ ಇರುತ್ತದೆ. ಗೊಂದಲವಾದರೆ ನಿಮ್ಮ ಊರಿನ ಆಶಾ ಅಕ್ಕನನ್ನು ಕರೆದು ಎಣಿಸಲು ಹೇಳಿ.

ಎಣಿಸುವಾಗ ಕಣ್ಣು ಇನ್ನೂ ಕೆಲವನ್ನು ಗಮನಿಸಲಿ. ಉಸಿರು ಒಳಗೆ ಎಳೆದಾಗ ಪಕ್ಕೆಲುಬಿನ ಕೆಳಭಾಗ ಗುಳಿಬೀಳುತ್ತಿದೆಯೇ? ಹಳ್ಳಿಗಳಲ್ಲಿ ‘ಪಕ್ಕೆ ಹೊಡೆದುಕೊಳ್ಳುತ್ತಿದೆ’ ಎನ್ನುವುದು ಇದನ್ನೇ. ಮೂಗಿನ ಹೊಳ್ಳೆಗಳು ಅರಳುತ್ತಿವೆಯೇ? ಉಸಿರು ಬಿಡುವಾಗ ನರಳಿದಂತೆ ಸದ್ದು ಬರುತ್ತಿದೆಯೇ? ತುಟಿ, ನಾಲಿಗೆ ನೀಲಿಯಾಗಿದೆಯೇ? ಮಗು ಹಾಲು ಕುಡಿಯಲು ಆಗದಷ್ಟು ಸೋತಿದೆಯೇ, ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲವೇ, ಫಿಟ್ಸ್ ಬಂದಿದೆಯೇ, ಉಸಿರು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದಿತೇ? ಇವುಗಳಲ್ಲಿ ಒಂದಿದ್ದರೂ ಮುಂದಿನದನ್ನು ಓದುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಬೇರೆ ಯಾವ ಲಕ್ಷಣವಿಲ್ಲದಿದ್ದರೂ ತಡಮಾಡದೆ ತೋರಿಸಬೇಕು. ಎಂಟು ಗಂಟೆಗಳ ಕಾಲ ಮೂತ್ರವನ್ನೇ ಮಾಡಿಲ್ಲ ಎಂದರೂ ಅಷ್ಟೇ.

ಮೂಗು ತೆರವು ಮಾಡುವ ಕ್ರಮ

ಉಸಿರು ಸರಿಯಾಗಿದೆ, ಮಗು ನಗುತ್ತದೆ, ಹಾಲು ಸ್ವಲ್ಪ ಕಡಿಮೆಯಾದರೂ ಕುಡಿಯುತ್ತದೆ ಎಂದಾದರೆ ಮನೆಯ ಆರೈಕೆಗೆ ಬರೋಣ. ಮೊದಲ ಕೆಲವು ತಿಂಗಳು ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಬಾಯಿಯಿಂದ ಉಸಿರಾಡುವುದು ಅವಕ್ಕೆ ಸಲೀಸಲ್ಲ. ಮೂಗಿನಿಂದ ಜೋರಾಗಿ ಗಾಳಿ ಬಿಟ್ಟು ಸಿಂಬಳ ಹೊರಹಾಕಲೂ ಬಾರದು. ಅದಕ್ಕೇ ನಮಗೆ ಲೆಕ್ಕಕ್ಕಿಲ್ಲದ ಮೂಗುಕಟ್ಟು ಅವಕ್ಕೆ ಊಟ ನಿದ್ದೆ ಎರಡನ್ನೂ ಕೆಡಿಸುತ್ತದೆ.

ಬೇಕಾದದ್ದು ಉಪ್ಪುನೀರಿನ ಹನಿ, ಅಂದರೆ ಸಲೈನ್ ಡ್ರಾಪ್ಸ್. ಅಂಗಡಿಯಲ್ಲಿ ‘ಮೂಗಿನ ಡ್ರಾಪ್ಸ್’ ಎಂದಷ್ಟೇ ಕೇಳಬೇಡಿ. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.65% ಎಂದಿದೆಯೇ, ಅದೊಂದೇ ಇದೆಯೇ ಎಂದು ಓದಿ. ಅದೇ ಗಾತ್ರದ, ಅದೇ ಆಕಾರದ ಬಾಟಲಿಗಳಲ್ಲಿ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವ ಹನಿಗಳೂ ಸಿಗುತ್ತವೆ. ಅವು ಮೂಗನ್ನು ಕ್ಷಣದಲ್ಲಿ ಬಿಡಿಸುತ್ತವೆ ನಿಜ, ಆದರೆ ಎಳೆಯ ಮಗುವಿನ ರಕ್ತಕ್ಕೆ ಸೇರಿದರೆ ಉಸಿರು, ಹೃದಯ ಬಡಿತ ಎರಡೂ ನಿಧಾನವಾಗುವ ಅಪಾಯವಿದೆ. ದೊಡ್ಡವರಿಗೆ ತಂದ ಬಾಟಲಿಯಿಂದ ಮಗುವಿಗೆ ಒಂದು ಹನಿಯೂ ಬೇಡ. ಮನೆಯಲ್ಲೇ ಉಪ್ಪುನೀರು ಕಲಸುವುದನ್ನೂ ನಾನು ಒಪ್ಪುವುದಿಲ್ಲ. ಉಪ್ಪಿನ ಅಳತೆ ತಪ್ಪಿದರೆ ಉರಿಯುತ್ತದೆ, ನೀರು ಶುದ್ಧವಿಲ್ಲದಿದ್ದರೆ ಇನ್ನೊಂದು ಸೋಂಕು. ಸಲೈನ್ ಬಾಟಲಿ ದುಬಾರಿಯೂ ಅಲ್ಲ.

ಹನಿ ಹಾಕುವ ಹೊತ್ತು ಮುಖ್ಯ. ಹಾಲು ಕುಡಿಸುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು, ಮತ್ತು ಮಲಗಿಸುವ ಮೊದಲು. ಕುಡಿಸಿದ ಮೇಲೆ ಹಾಕಿದರೆ ಮಗು ವಾಂತಿ ಮಾಡಿಕೊಳ್ಳುತ್ತದೆ. ಬಾಟಲಿಯನ್ನು ಒಂದು ನಿಮಿಷ ಅಂಗೈಯಲ್ಲಿ ಹಿಡಿದು ತಣ್ಣಗಿರುವುದನ್ನು ಹೋಗಲಾಡಿಸಿ. ಸಣ್ಣ ಟವೆಲ್ಲನ್ನು ಸುರುಳಿ ಸುತ್ತಿ ಹೆಗಲಿನ ಕೆಳಗೆ ಇಟ್ಟರೆ ತಲೆ ತುಸು ಹಿಂದಕ್ಕೆ ಬಾಗುತ್ತದೆ. ಬಾಟಲಿಯ ತುದಿ ಮೂಗಿಗೆ ತಾಗದಂತೆ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಬಿಡಿ. ಒಂದು ನಿಮಿಷ ಹಾಗೆಯೇ ಇರಲಿ, ಗಟ್ಟಿ ಸಿಂಬಳ ನೆನೆದು ಸಡಿಲವಾಗಬೇಕು. ಎಷ್ಟೋ ಸಲ ಮಗು ತಾನಾಗಿ ಸೀನುತ್ತದೆ, ಹೊರಗೆ ಬಂದದ್ದನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆಮೇಲೆ ಟವೆಲ್ ತೆಗೆಯಲು ಮರೆಯಬೇಡಿ.

ಸೀನಿದರೂ ಬಿಡಲಿಲ್ಲವೆಂದರೆ ರಬ್ಬರ್ ಬುರುಡೆಯಂಥ ಸಕ್ಷನ್ ಬಲ್ಬ್ ಬಳಸಬಹುದು. ಇಲ್ಲಿ ಕ್ರಮ ತಪ್ಪುವವರೇ ಹೆಚ್ಚು. ಬಲ್ಬನ್ನು ಮೂಗಿನ ಹೊರಗೇ ಪೂರ್ತಿ ಒತ್ತಿಹಿಡಿಯಬೇಕು, ಒತ್ತಿಕೊಂಡೇ ತುದಿಯನ್ನು ಹೊಳ್ಳೆಯ ಬಾಯಿಗಷ್ಟೇ ಇಡಬೇಕು, ಆಮೇಲೆ ನಿಧಾನವಾಗಿ ಬಿಡಬೇಕು. ಒಳಗಿಟ್ಟು ಒತ್ತಿದರೆ ಗಾಳಿ ಸಿಂಬಳವನ್ನು ಇನ್ನೂ ಒಳಕ್ಕೆ ನೂಕುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಪದೇ ಪದೇ ಎಳೆದರೆ ಮೂಗಿನ ಒಳಪದರ ಬಾತುಕೊಂಡು ಕಟ್ಟುವುದು ಹೆಚ್ಚುತ್ತದೆ, ರಕ್ತವೂ ಬರಬಹುದು. ಪ್ರತಿ ಸಲ ಬಳಸಿದ ಮೇಲೆ ಬಿಸಿನೀರು ಸೋಪಿನಲ್ಲಿ ಹಿಂಡಿ ತೊಳೆದು, ಬಾಯಿ ಕೆಳಗೆ ಮಾಡಿ ಒಣಗಿಸಿ. ಒಳಗೆ ಕಪ್ಪು ಬೂಷ್ಟು ಕಂಡರೆ ಎಸೆಯಿರಿ. ಕಿವಿಯ ಬಡ್ಸ್, ಸೆರಗಿನ ಚುಂಗು, ಬಾಯಿಂದ ಊದುವುದು ಯಾವುದೂ ಬೇಡ.

ಹಾಲು, ನೀರು, ಊಟ

ಮೂಗು ಬಿಟ್ಟ ಕೂಡಲೇ ಹಾಲು ಕೊಡಿ. ಒಂದೇ ಸಲ ಹೊಟ್ಟೆ ತುಂಬಿಸಲು ಹೋಗದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ. ಮಗುವಿನ ತಲೆ ಹೊಟ್ಟೆಗಿಂತ ಎತ್ತರದಲ್ಲಿರಲಿ, ನಡುವೆ ನಿಲ್ಲಿಸಿ ಉಸಿರಾಡಲು ಬಿಡಿ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಇಪ್ಪತ್ತು ನಿಮಿಷವಾದರೂ ನೆಟ್ಟಗೆ ಎತ್ತಿಕೊಂಡಿರಿ. ಇದೊಂದನ್ನು ಮಾಡಿದರೇ ಕೆಮ್ಮಿ ಕಕ್ಕುವುದು ಎಷ್ಟೋ ಕಡಿಮೆಯಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ತಾಯಿಹಾಲು ಸಾಕು, ಬಿಸಿನೀರೂ ಬೇಡ. ಆರು ತಿಂಗಳು ದಾಟಿದ್ದರೆ ಉಗುರುಬೆಚ್ಚಗಿನ ನೀರು, ತೆಳು ಗಂಜಿ, ಬೇಳೆಯ ಕಟ್ಟು, ರಾಗಿ ಸರಿ, ಯಾವುದನ್ನು ಮಗು ಇಷ್ಟಪಡುತ್ತದೋ ಅದು.

ತಾಯಿಗೇ ನೆಗಡಿಯಾಗಿದ್ದರೂ ಮೊಲೆ ಬಿಡಿಸಬೇಡಿ. ಆಕೆಯ ದೇಹ ಆ ವೈರಸ್ಸಿನ ವಿರುದ್ಧ ತಯಾರಿಸುವ ಪ್ರತಿಕಾಯಗಳು ಹಾಲಿನಲ್ಲಿಯೇ ಮಗುವಿಗೆ ಸಿಗುತ್ತವೆ. ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಕುಡಿಸಿದರಾಯಿತು. ಬಾಣಂತಿ ಮೊಸರು ತಿಂದಳು, ಬಾಳೆಹಣ್ಣು ತಿಂದಳು, ತಲೆಗೆ ನೀರು ಹಾಕಿಕೊಂಡಳು, ಅದಕ್ಕೇ ಮಗುವಿಗೆ ಶೀತವಾಯಿತು ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ! ನೆಗಡಿ ಬರುವುದು ವೈರಸ್ಸಿನಿಂದ, ಕೈಯಿಂದ ಕೈಗೆ, ಸೀನಿನಿಂದ ಮೂಗಿಗೆ. ನಿದ್ದೆಗೆಟ್ಟ ತಾಯಿಯ ತಟ್ಟೆಯಿಂದ ಹಣ್ಣು ಕಸಿದರೆ ಮಗುವಿನ ಮೂಗು ಬಿಡುವುದಿಲ್ಲ. ಆಕೆ ಹೊಟ್ಟೆ ತುಂಬ ಉಣ್ಣಲಿ.

ಮಲಗಿಸುವುದು ಹೇಗೆ

ಕೆಮ್ಮುವ ಮಗುವಿಗೆ ದಿಂಬು ಕೊಟ್ಟು ತಲೆ ಎತ್ತರಿಸಬೇಕು ಎನ್ನಿಸುವುದು ಸಹಜ. ದೊಡ್ಡವರಿಗೆ ಅದು ಸರಿ. ಒಂದು ವರ್ಷದೊಳಗಿನ ಮಗುವಿಗೆ ಅದು ಅಪಾಯ: ಕುತ್ತಿಗೆ ಬಾಗಿ ಗದ್ದ ಎದೆಗೆ ತಾಗಿದರೆ ಶ್ವಾಸನಾಳ ಮಡಚಿಕೊಳ್ಳುತ್ತದೆ, ಜಾರಿ ಬಿದ್ದರೆ ಮೂಗು ಬಾಯಿ ಮುಚ್ಚಿಕೊಳ್ಳುತ್ತದೆ. ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತವೇ ಮಲಗಿಸಿ. ಸೀರೆಯ ಜೋಲಿಯಲ್ಲಿ ಮಗು ಬಿಲ್ಲಿನಂತೆ ಬಾಗುವುದರಿಂದ ನೆಗಡಿ ಇರುವ ರಾತ್ರಿಗಳಲ್ಲಾದರೂ ಅದನ್ನು ಬಿಡುವುದು ಒಳ್ಳೆಯದು. ಕೆಮ್ಮು ತುಂಬಾ ಬಂದಾಗ ಎತ್ತಿ ಹೆಗಲಿಗೆ ಹಾಕಿಕೊಂಡು ಅಡ್ಡಾಡಿ, ಬೆನ್ನು ಸವರಿ. ನಿದ್ದೆ ಹತ್ತಿದ ಮೇಲೆ ಮತ್ತೆ ಅಂಗಾತ ಮಲಗಿಸಿ. ಎತ್ತಿಕೊಂಡವರಿಗೇ ತೂಕಡಿಕೆ ಬಂದರೆ ಮಗುವನ್ನು ಇನ್ನೊಬ್ಬರಿಗೆ ಕೊಡಿ, ಸೋಫಾದ ಮೇಲೆ ಮಗುವಿನೊಂದಿಗೆ ನಿದ್ದೆ ಹೋಗಬೇಡಿ.

ಸ್ವೆಟರ್, ಕುಲಾವಿ, ಸಾಕ್ಸ್, ಮೇಲೆ ರಗ್ಗು ಎಂದು ಬೆವರುವಷ್ಟು ಹೊದಿಸುವುದೂ ಬೇಡ. ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚಿದ್ದರೆ ಸಾಕು. ಕೈಕಾಲು ತಣ್ಣಗಿದ್ದರೆ ಗಾಬರಿಯಾಗಬೇಡಿ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಿದ್ದರೆ ಮಗು ಬೆಚ್ಚಗಿದೆ.

ಕೋಣೆಯಲ್ಲಿ ಹೊಗೆ ಇರಬಾರದು. ಬೀಡಿ ಸಿಗರೇಟು ಮಾತ್ರವಲ್ಲ, ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆ, ಸ್ನಾನದ ನಂತರ ಹಾಕುವ ಲೋಬಾನದ ಹೊಗೆ, ಎಲ್ಲವೂ ಬಾತುಕೊಂಡ ಶ್ವಾಸನಾಳವನ್ನು ಕೆರಳಿಸುತ್ತವೆ. ಮಗುವಿಗೆ ಸಾಂಬ್ರಾಣಿ ಹೊಗೆ ಕೊಡುವುದು ನಮ್ಮಲ್ಲಿ ಎಷ್ಟು ಪ್ರೀತಿಯಿಂದ ನಡೆದುಬಂದಿದೆ ಎಂದು ಗೊತ್ತಿದೆ. ಆದರೂ ಹೇಳುತ್ತೇನೆ, ಕೆಮ್ಮುವ ಮಗುವಿನ ಹತ್ತಿರ ಅದು ಬೇಡವೇ ಬೇಡ. ತಲೆಗೂದಲನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೊಳ್ಳೆಗೆ ಪರದೆ ಕಟ್ಟಿ.

ಸ್ನಾನ ನಿಲ್ಲಿಸಬೇಕಾಗಿಲ್ಲ. ಗಾಳಿ ಬೀಸದ ಕಡೆ, ಬೆಚ್ಚಗಿನ ನೀರಿನಲ್ಲಿ, ಬೇಗ ಮುಗಿಸಿ.

ಅಜ್ಜಿಯ ಮದ್ದುಗಳಲ್ಲಿ ಯಾವುದು ಇರಲಿ, ಯಾವುದು ಬೇಡ

ಈ ಭಾಗದಲ್ಲಿ ಮನೆಯ ಹಿರಿಯರ ಮನಸ್ಸು ನೋಯಬಹುದು. ಅವರ ಅಕ್ಕರೆಯ ಬಗ್ಗೆ ನನಗೆ ಅನುಮಾನವಿಲ್ಲ, ಕೆಲವು ವಸ್ತುಗಳ ಬಗ್ಗೆ ಇದೆ.

ಜೇನುತುಪ್ಪ ಒಂದು ವರ್ಷ ತುಂಬುವ ಮೊದಲು ಒಂದು ಹನಿಯೂ ಬೇಡ. ಅದರಲ್ಲಿ ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷ ಉಂಟುಮಾಡುತ್ತವೆ, ಸ್ನಾಯುಗಳು ಸೋಲುತ್ತವೆ, ಉಸಿರಾಟವೇ ನಿಲ್ಲಬಹುದು. ಮನೆಯಲ್ಲಿ ಕಾಯಿಸಿದರೂ ಆ ಬೀಜಾಣುಗಳು ಸಾಯುವುದಿಲ್ಲ. ಒಂದು ವರ್ಷ ದಾಟಿದ ಮೇಲೆ ಇದೇ ಜೇನು ಒಳ್ಳೆಯ ಮದ್ದು: ಮಲಗುವ ಮುಂಚೆ ಅರ್ಧ ಟೀ ಚಮಚ ಕೊಟ್ಟರೆ ರಾತ್ರಿಯ ಕೆಮ್ಮು ಕಡಿಮೆಯಾಗುತ್ತದೆ. ಆ ವಯಸ್ಸಿನ ಮಗುವಿಗೆ ದೊಡ್ಡಪತ್ರೆಯ ತಂಬುಳಿಯನ್ನು ಅನ್ನದ ಜೊತೆ ತಿನ್ನಿಸಲು ಅಡ್ಡಿಯಿಲ್ಲ.

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಹಚ್ಚುವುದು ಬೇಡ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು, ಮಗು ಎಲ್ಲ ಕಡೆ ಮುಟ್ಟಿ ಬೆರಳು ಚೀಪುತ್ತದೆ. ಅಂಗಡಿಯ ಕರ್ಪೂರ, ಮೆಂಥಾಲ್ ಮುಲಾಮುಗಳನ್ನೂ ಎರಡು ವರ್ಷದೊಳಗೆ ಹಚ್ಚಬಾರದು. ಮೂಗಿನ ಕೆಳಗಂತೂ ಯಾವ ವಯಸ್ಸಿನಲ್ಲೂ ಬೇಡ. ಬರೀ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಎದೆ, ಬೆನ್ನು ನೀವಬಹುದು. ಅದು ಕಫ ಕರಗಿಸುವುದಿಲ್ಲ, ಆದರೆ ಕಿರಿಕಿರಿಯ ಮಗುವಿಗೆ ಹಿತವಾಗುತ್ತದೆ. ಎಣ್ಣೆಯನ್ನು ಮೂಗಿಗೆ ಬಿಡುವುದು ಮಾತ್ರ ಗಂಭೀರ ತಪ್ಪು. ಜಾರಿ ಶ್ವಾಸಕೋಶಕ್ಕೆ ಇಳಿದ ಎಣ್ಣೆ ಅಲ್ಲಿಯೇ ಉಳಿದು ನ್ಯುಮೋನಿಯಾ ಉಂಟುಮಾಡುತ್ತದೆ.

ಬಜೆ ತೇಯ್ದು ಒಳಲೆಯಲ್ಲಿ ಕುಡಿಸುವುದು, ನಾಲಿಗೆಗೆ ಸವರುವುದು, ಇದರಲ್ಲಿ ಎಷ್ಟು ಹೋಯಿತೆಂಬ ಲೆಕ್ಕವೇ ಇರುವುದಿಲ್ಲ, ಬಿಡಿ. ಬೆಳ್ಳುಳ್ಳಿ ಜಜ್ಜಿ ಅಂಗಾಲಿಗೆ, ಎದೆಗೆ ಕಟ್ಟಿದರೆ ಎಳೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಹಿಡಿದು ಹಬೆ ಕೊಡುವುದು ಸುಟ್ಟ ಗಾಯಕ್ಕೆ ನೇರ ದಾರಿ. ಒಣ ಹವೆಯ ಊರಿನಲ್ಲಿದ್ದು ಗಾಳಿಗೆ ತೇವ ಬೇಕೆನಿಸಿದರೆ ತಣ್ಣನೆಯ ಹಬೆ ಬಿಡುವ ಹ್ಯುಮಿಡಿಫೈಯರ್ ಬಳಸಬಹುದು, ದಿನವೂ ತೊಳೆದು ನೀರು ಬದಲಿಸಬೇಕು. ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದವರಿಗೆ ಅದರ ಅಗತ್ಯವೇ ಇಲ್ಲ, ಗೋಡೆಯ ಬೂಷ್ಟು ತೆಗೆಯುವುದು ಹೆಚ್ಚು ಉಪಯೋಗ.

ಸಿರಪ್ಪಿನ ಬಗ್ಗೆ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಮಕ್ಕಳ ತಂದೆತಾಯಿ ಮಾಡಿದ್ದು ನಾವೆಲ್ಲ ಮಾಡುವುದನ್ನೇ: ಕೆಮ್ಮಿಗೆ ಔಷಧಿ ಕುಡಿಸಿದ್ದು. ಅದರ ಬೆನ್ನಿಗೇ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಎಲ್ಲ ರಾಜ್ಯಗಳಿಗೆ ತಿಳಿಸಿತು. ಅದಕ್ಕೂ ಮುಂಚೆ, 2023ರ ಡಿಸೆಂಬರ್‌ನಲ್ಲಿ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಮುದ್ರಿಸಲು ಔಷಧ ನಿಯಂತ್ರಕರು ಆದೇಶಿಸಿದ್ದರು.

ವಿಷ ಬೆರೆಯದ ಒಳ್ಳೆಯ ಸಿರಪ್ಪೂ ಈ ವಯಸ್ಸಿನಲ್ಲಿ ಕೆಮ್ಮನ್ನು ಬೇಗ ಗುಣಪಡಿಸುವುದಿಲ್ಲ. ಮಂಪರು, ಹೃದಯ ಬಡಿತದ ಏರುಪೇರು ಮಾತ್ರ ಹೆಚ್ಚುವರಿ. ಹೋದ ಸಲದ ಚೀಟಿ, ಅಕ್ಕನ ಮಗುವಿಗೆ ಬರೆದ ಬಾಟಲಿ, ಅಂಗಡಿಯವರ ಸಲಹೆ, ಮೂರನ್ನೂ ಬದಿಗಿಡಿ. ಸಿಂಬಳ ಹಳದಿ, ಹಸಿರಾಯಿತೆಂದು ಆಂಟಿಬಯಾಟಿಕ್ ಕೊಡಬೇಕಾಗಿಲ್ಲ. ನೆಗಡಿ ಹಳೆಯದಾಗುತ್ತ ಬಣ್ಣ ತಿರುಗುವುದು ಸಹಜ. ನೆಬ್ಯುಲೈಸರ್ ಕೂಡ ಬರೀ ನೆಗಡಿಗೆ ಅಲ್ಲ, ವೈದ್ಯರು ಉಬ್ಬಸ ಕೇಳಿ ಬರೆದುಕೊಟ್ಟಾಗ ಮಾತ್ರ.

ಜ್ವರದಿಂದ ಮಗು ಸಂಕಟಪಡುತ್ತಿದ್ದರೆ ಪ್ಯಾರಸಿಟಮಾಲ್ ಕೊಡಬಹುದು, ಮೂರು ತಿಂಗಳೊಳಗಾದರೆ ವೈದ್ಯರನ್ನು ಕೇಳದೆ ಬೇಡ. ಅಳತೆ ವಯಸ್ಸಿಗಲ್ಲ, ತೂಕಕ್ಕೆ: ಒಂದು ಕೆ.ಜಿ.ಗೆ 15 ಮಿಲಿಗ್ರಾಂ, ಎರಡು ಸಲದ ನಡುವೆ ಆರು ಗಂಟೆ. 8 ಕೆ.ಜಿ. ಮಗುವಿಗೆ 120 ಮಿಲಿಗ್ರಾಂ. ಎಡವುವುದು ಇದರ ನಂತರ. ಒಂದು ಮಿ.ಲೀ.ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್‌ನಲ್ಲಿ ಅದು 1.2 ಮಿ.ಲೀ.; 5 ಮಿ.ಲೀ.ಗೆ 250 ಇರುವ ಸಿರಪ್‌ನಲ್ಲಿ 2.4 ಮಿ.ಲೀ. ಡ್ರಾಪ್ಸನ್ನು ಸಿರಪ್ಪೆಂದುಕೊಂಡು ಒಂದು ಚಮಚ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಲೇಬಲ್ ಓದಿ, ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ.

ಎಷ್ಟು ದಿನ ಕಾಯಬೇಕು

ಸಾದಾ ನೆಗಡಿ ಹತ್ತು ದಿನದಿಂದ ಎರಡು ವಾರ ಇರುತ್ತದೆ, ಕೆಮ್ಮು ಮೂರು ವಾರ ಎಳೆಯಬಹುದು. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ನೆಗಡಿ ಬರುವುದು ಸಾಮಾನ್ಯ. ಅಂಗನವಾಡಿಗೋ ಶಿಶುವಿಹಾರಕ್ಕೋ ಹೋಗುವ ಅಣ್ಣ ಅಕ್ಕ ಮನೆಯಲ್ಲಿದ್ದರೆ ಇನ್ನೂ ಹೆಚ್ಚು. ಹಾಗಾಗಿ ‘ತಿಂಗಳುಗಟ್ಟಲೆ ಬಿಡದ ನೆಗಡಿ’ ಎನ್ನಿಸುವುದು ಎಷ್ಟೋ ಸಲ ಒಂದರ ಬಾಲ ಹಿಡಿದು ಬಂದ ಇನ್ನೊಂದು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಮ್ಮಿದ ರಾತ್ರಿಗಳಿಗೆ ಗುರುತು ಹಾಕಿ. ನಡುವೆ ನಾಲ್ಕಾರು ದಿನ ಪೂರ್ತಿ ಚೆನ್ನಾಗಿದ್ದರೆ ಅವು ಬೇರೆ ಬೇರೆ ನೆಗಡಿಗಳು. ಬಿಡುವೇ ಇಲ್ಲವೆಂದರೆ ಬೇರೆ ಕಾರಣ ಹುಡುಕಬೇಕು.

ಕೆಮ್ಮಿನ ರೀತಿಯೂ ಸುಳಿವು ಕೊಡುತ್ತದೆ. ಉಸಿರು ಬಿಡುವಾಗ ಸುಯ್ ಎಂಬ ಸದ್ದಿನೊಂದಿಗೆ ಮೂರನೆಯ, ನಾಲ್ಕನೆಯ ದಿನಕ್ಕೆ ಹೆಚ್ಚುವುದು ಎರಡು ವರ್ಷದೊಳಗಿನ ಮಕ್ಕಳ ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಕೊಳವೆಗಳ ಬಾವು, ಇರಬಹುದು. ಆ ದಿನಗಳಲ್ಲಿ ಉಸಿರನ್ನು ಮತ್ತೆ ಮತ್ತೆ ಎಣಿಸಿ. ನಾಯಿ ಬೊಗಳಿದಂಥ ಒರಟು ಕೆಮ್ಮು, ಉಸಿರು ಎಳೆಯುವಾಗ ಕರ್ಕಶ ಸದ್ದು ಇದ್ದರೆ ಗಂಟಲಿನ ಪೆಟ್ಟಿಗೆ ಬಾತಿದೆ, ಬೇಗ ತೋರಿಸಿ. ಬಿಡದೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಕೊನೆಗೆ ಊಳಿಟ್ಟಂತೆ ಉಸಿರೆಳೆದು ವಾಂತಿ ಮಾಡಿದರೆ ನಾಯಿಕೆಮ್ಮಿನ ಅನುಮಾನ. ತೀರಾ ಎಳೆಯ ಮಕ್ಕಳಲ್ಲಿ ಆ ಊಳಿನ ಸದ್ದು ಬಾರದೆ ಉಸಿರೇ ನಿಲ್ಲಬಹುದು. ಚೆನ್ನಾಗಿದ್ದ ಮಗು ಆಡುತ್ತಲೋ ತಿನ್ನುತ್ತಲೋ ಇದ್ದಾಗ ಒಮ್ಮೆಲೇ ಕೆಮ್ಮು ಹತ್ತಿ, ಆಮೇಲೆ ಬಿಡಲೇ ಇಲ್ಲವೆಂದರೆ ಕಡಲೆಕಾಯಿ ಬೀಜವೋ ಹುರಿಗಡಲೆಯೋ ಶ್ವಾಸನಾಳಕ್ಕೆ ಹೋಗಿರಬಹುದು. ಇದನ್ನು ತಿಂಗಳುಗಟ್ಟಲೆ ನೆಗಡಿಯೆಂದೇ ನೋಡುತ್ತ ಕೂರುವವರಿದ್ದಾರೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಮಣಿಯೋ ಕಾಳೋ ಮೂಗಿನಲ್ಲಿ ಸಿಕ್ಕಿದೆಯೇ ಎಂದು ನೋಡಿಸಿ. ಎರಡು ವಾರ ದಾಟಿದ ಕೆಮ್ಮಿನ ಜೊತೆ ತೂಕ ಏರದಿದ್ದರೆ, ಜ್ವರ ಬಿಡದಿದ್ದರೆ, ಮನೆಯ ಹಿರಿಯರಿಗೂ ಹಳೆಯ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ.

ವೈದ್ಯರ ಬಳಿಗೆ ಹೋಗುವಾಗ

ರಾತ್ರಿ ಉಸಿರುಗಟ್ಟುವಂತೆ ಕೆಮ್ಮಿದ ಮಗು ಹಗಲು ಕ್ಲಿನಿಕ್ಕಿನಲ್ಲಿ ನಗುತ್ತ ಕೂರುತ್ತದೆ, ತಾಯಿಯ ಮಾತನ್ನು ಯಾರೂ ನಂಬದಂತಾಗುತ್ತದೆ. ರಾತ್ರಿಯೇ ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ: ಒಂದರಲ್ಲಿ ಕೆಮ್ಮಿನ ಸದ್ದು, ಇನ್ನೊಂದರಲ್ಲಿ ಅಂಗಿ ಎತ್ತಿದ ಎದೆ. ನೀವು ಎಣಿಸಿದ ಉಸಿರು, ಜ್ವರದ ಅಂಕಿ, ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿದೆ ಎಂಬುದನ್ನು ಬರೆದುಕೊಳ್ಳಿ. ಈಗಾಗಲೇ ಕೊಟ್ಟ ಔಷಧಿಗಳ ಬಾಟಲಿಗಳನ್ನೇ ಒಯ್ಯಿರಿ. ಕುಡಿಸಿದ ಕಷಾಯ, ಬಜೆ ಏನಿದ್ದರೂ ಸಂಕೋಚವಿಲ್ಲದೆ ಹೇಳಿ.

ಲಸಿಕೆಗಳ ದಾಖಲೆ ಇರುವ ತಾಯಿ ಕಾರ್ಡ್ ಜೊತೆಗಿರಲಿ. 6, 10, 14 ವಾರಗಳಲ್ಲಿ ಹಾಕುವ ಪೆಂಟಾವೇಲೆಂಟ್ ಲಸಿಕೆ ನಾಯಿಕೆಮ್ಮನ್ನು ತಡೆಯುತ್ತದೆ. 6, 14 ವಾರ ಮತ್ತು 9 ತಿಂಗಳಿಗೆ ಹಾಕುವ ಪಿಸಿವಿ ಲಸಿಕೆ ನ್ಯುಮೋನಿಯಾದ ಒಂದು ಮುಖ್ಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ನೆಗಡಿಯ ನೆಪದಲ್ಲಿ ಯಾವುದಾದರೂ ತಪ್ಪಿದ್ದರೆ ಅಂದೇ ಕೇಳಿ, ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ. ಆರು ತಿಂಗಳ ನಂತರ ವರ್ಷಕ್ಕೊಮ್ಮೆ ಕೊಡುವ ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ಅದರ ಬಗ್ಗೆಯೂ ವಿಚಾರಿಸಿ. ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಲು ಮರೆಯಬೇಡಿ: ಬರೆದುಕೊಟ್ಟ ಪ್ರತಿ ಔಷಧಿ ಯಾವುದಕ್ಕೆ, ಮತ್ತು ಏನಾದರೆ ಮತ್ತೆ ತಕ್ಷಣ ಕರೆತರಬೇಕು.